ದೊಡ್ಡಮ್ಮನ ಅರ್ಧ ನಿವೃತ್ತಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ದೊಡ್ಡಮ್ಮ ಆಡಿಬಿಟ್ಟಿದ್ದಳು, ಅದೂ ಕೈಯಲ್ಲಿ ಮೈಕು ಹಿಡಿದು, ಇಡೀ ವಿಭಾಗದ ಮುಂದೆ.

ವಿಭಾಗವೆಂದರೆ ನಗರದ ಬಸ್ ಚಾಲಕರಿಗೆ ಸಮವಸ್ತ್ರ ಹೊಲಿಯುವ ಜಾಗ. ಡಿಪೋದ ಹಿಂಬದಿಯಲ್ಲಿ ಉದ್ದನೆಯ ಒಂದು ಕೋಣೆ, ಎರಡು ಸಾಲು ಮಿಷಿನು, ನಡುವೆ ಕಟಿಂಗ್ ಟೇಬಲ್ಲು. ಪ್ಯಾಂಟು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅಲ್ಲಿದ್ದವರಿಗೆಲ್ಲ ಅವಳು ದೊಡ್ಡಮ್ಮನೇ, ಹೆಚ್ಚುಕಡಿಮೆ ಅವಳದೇ ವಯಸ್ಸಿನ ಕಟಿಂಗ್ ಮಾಸ್ಟರಿಗೂ.

ಅಲ್ಲೊಂದು ಪದ್ಧತಿ. ನಿವೃತ್ತರಾಗುವವರು ಬೀಳ್ಕೊಡುಗೆಯ ದಿನ ಒಂದೇ ಒಂದು ನಿಜ ಹೇಳಿ ಹೋಗಬೇಕು. ಕೇಳಿದವರು ಸಿಟ್ಟಾಗುವಂತಿಲ್ಲ, ಹೇಳಿದವರು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಮಾರನೆಯ ದಿನ ಮುಖ ನೋಡುವ ಗೋಜಿಲ್ಲವಲ್ಲ, ಅದಕ್ಕೇ ಈ ಪದ್ಧತಿ ಇಷ್ಟು ಕಾಲ ಉಳಿದಿತ್ತು. ಈ ಸಲ ಕ್ಯಾಂಟೀನ್ ಹಾಲಿಗೆ ಬಣ್ಣ ಬಳಿಯುವವರು ಬರುತ್ತಾರೆಂದು ತಿಂಗಳ ಕೊನೆಗೆ ಆಗಬೇಕಿದ್ದ ಬೀಳ್ಕೊಡುಗೆಯನ್ನು ವಾರ ಮೊದಲೇ ಮುಗಿಸಿಬಿಟ್ಟರು. ಎಡವಿದ್ದು ಅಲ್ಲೇ.

"ಮಾಸ್ಟ್ರೇ, ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದಾಗಲೆಲ್ಲಾ ಹಾಡ್ತೀರಿ," ಎಂದಿದ್ದಳು ದೊಡ್ಡಮ್ಮ. "ನಿಮ್ಮ ಕತ್ತರಿ ಒಂದು ದಿನಾನೂ ಗೆರೆ ತಪ್ಪಿಲ್ಲ. ನಿಮ್ಮ ಹಾಡು ಒಂದು ದಿನಾನೂ ಶ್ರುತಿಗೆ ಬಂದಿಲ್ಲ."

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಗುಂಡಿಗೆ ಕಾಜಾ ಹಾಕುವವಳಂತೂ ಹೊಟ್ಟೆ ಹಿಡಿದುಕೊಂಡು ಕುಸಿದಳು. ಪದ್ಧತಿಯಂತೆ ಮಾಸ್ಟರೂ ನಕ್ಕ. ಆದರೆ ಅವನ ಕಿವಿ ಕೆಂಪಾಗಿದ್ದು ದೊಡ್ಡಮ್ಮನಿಗೆ ಕಾಣಿಸಿತ್ತು. ಪಾಪ ಅನ್ನಿಸಿತು, ಆದರೇನು, ಉಳಿದ ವಾರಕ್ಕೆ ರಜೆ ಹಾಕಿಯಾಗಿದೆ, ಇನ್ನು ತಾನ್ಯಾರೋ ಅವನ್ಯಾರೋ ಎಂದುಕೊಂಡಳು.

ಆ ವಾರವೇ, ವರ್ಷಗಳಿಂದ ಸಂಸತ್ತಿನಲ್ಲಿ ಕೊಳೆಯುತ್ತಿದ್ದ ಪಿಂಚಣಿ ಮಸೂದೆ ಪಾಸಾಗಬೇಕೇ! ದೇಶದಲ್ಲಿ ತೊಟ್ಟಿಲಿಗಿಂತ ಊರುಗೋಲು ಹೆಚ್ಚಾಗಿವೆ, ದುಡಿಯುವ ಕೈ ಸಾಲದು, ಎಲ್ಲರೂ ಇನ್ನೆರಡು ವರ್ಷ ದುಡಿಯಿರಿ ಎಂದಿತು ಸರ್ಕಾರ. ಆ ತಿಂಗಳ ಕೊನೆಯಿಂದಲೇ ಜಾರಿ.

"ನಮ್ಮಮ್ಮ ಒಂದು ವಾರ ಮೊದಲು ಹೆತ್ತಿದ್ರೆ ಏನಾಗ್ತಿತ್ತು?" ಎಂದು ಹಲುಬಿದಳು ದೊಡ್ಡಮ್ಮ.

"ನಿಂದು ಹುಟ್ಟಿದಾಗಿಂದ್ಲೂ ತಡಾನೇ. ಮದುವೆ ದಿನಾನೂ ಕಾಯಿಸಿದ್ದೆ," ಎಂದ ಗಂಡ. "ಎರಡು ವರ್ಷ ತಾನೇ? ಕಾಯ್ತೀನಿ ಬಿಡು."

ಅವನು ಬಸ್ಸು ಓಡಿಸಿ ನಿವೃತ್ತನಾದವನು. ಜೀವಮಾನವೆಲ್ಲ ಎದುರಿನ ರಸ್ತೆಯನ್ನೇ ನೋಡಿದವನಿಗೆ ಇದ್ದದ್ದು ಒಂದೇ ಆಸೆ. ಹೆಂಡತಿಯ ಜೊತೆ ಪ್ರಯಾಣಿಕನಂತೆ ಕೂತು, ಕಿಟಕಿಯಾಚೆ ನೋಡುತ್ತಾ, ಊರಿನ ಒಂದೊಂದೇ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೆ ಹೋಗಿಬರಬೇಕು. ಕಾಯುತ್ತೇನೆಂದ, ಸರಿ. ಆದರೆ ಈಗೀಗ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಬಣ್ಣ ನೋಡುವವನಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. ಅದನ್ನು ನೋಡಿದಾಗಲೆಲ್ಲ ದೊಡ್ಡಮ್ಮನ ಎದೆ ಧಸಕ್ಕೆನ್ನುತ್ತಿತ್ತು. ತನ್ನ ಎರಡು ವರ್ಷವೂ ಅವನ ಎರಡು ವರ್ಷವೂ ಒಂದೇ ಅಲ್ಲ.

ಹೊಸ ಕಾಯಿದೆಯಲ್ಲಿ ಒಂದು ಕಿಂಡಿಯಿತ್ತು. ವಾರಕ್ಕೆ ಮೂರು ದಿನ ಕೆಲಸ ಮಾಡಿ, ಅರ್ಧ ಸಂಬಳ ಅರ್ಧ ಪಿಂಚಣಿ ಪಡೆಯಬಹುದು. ಉಳಿದ ಮೂರು ದಿನಕ್ಕೆ ಹೊಸಬರನ್ನು ತೆಗೆದುಕೊಳ್ಳುತ್ತಾರೆ. ಅದಕ್ಕೆ ವಿಭಾಗದ ಮುಖ್ಯಸ್ಥರು ಒಪ್ಪಿ ಸಹಿ ಹಾಕಬೇಕು. ಮುಖ್ಯಸ್ಥ ಯಾರು? ಕಟಿಂಗ್ ಮಾಸ್ಟರು!

ಅರ್ಜಿ ಕಳಿಸಿ, ಸೋಮವಾರ ಕಳ್ಳಿಯಂತೆ ಒಳಗೆ ಕಾಲಿಟ್ಟಳು.

"ನಾವು ಕೊಟ್ಟ ಗೋಡೆ ಗಡಿಯಾರ ವಾಪಸ್ ತಂದ್ರಾ ದೊಡ್ಡಮ್ಮಾ?" ಎಂದು ಕಾಜಾದವಳು ಕಿಚಾಯಿಸಿದಳು. ಮಾಸ್ಟರ್ ಮಾತ್ರ ತಲೆ ಎತ್ತಲಿಲ್ಲ. ಬಟ್ಟೆ ಹಾಸಿದ, ಗೆರೆ ಎಳೆದ, ಕತ್ತರಿ ಹಿಡಿದ. ಹಾಡಲಿಲ್ಲ.

ಇಪ್ಪತ್ತು ವರ್ಷದ ಕಾಟ ತಪ್ಪಿತೆಂದು ಎಲ್ಲರೂ ಕುಣಿಯಬೇಕಿತ್ತು. ಆದರೆ ಕೋಣೆ ಬಿಕೋ ಎನ್ನುತ್ತಿತ್ತು. ದೊಡ್ಡಮ್ಮನ ಕಾಲು ಪೆಡಲಿನ ಮೇಲೆ ಒಮ್ಮೆ ಓಡಿತು, ಒಮ್ಮೆ ನಿಂತಿತು, ಹೊಲಿಗೆ ಸೊಟ್ಟಗೆ ಹೋಯಿತು. ಬಿಚ್ಚಿ ಹೊಲಿದಳು. ಮತ್ತೆ ಸೊಟ್ಟ. ಅವಳ ಕೈಯಲ್ಲಿ ಇಂಥ ಕೆಲಸವನ್ನು ಯಾರೂ ನೋಡಿರಲಿಲ್ಲ.

ಊಟದ ಹೊತ್ತಿಗೆ ಧೈರ್ಯ ಮಾಡಿ ಟೇಬಲ್ಲಿನ ಹತ್ತಿರ ಹೋದಳು.

"ಸಹಿ ತಾನೇ?" ಎಂದ ಮಾಸ್ಟರ್. "ಹಾಕೋಣ. ನನ್ನ ಹಾಡು ಚೆನ್ನಾಗಿದೆ ಅಂತ ಒಂದು ಮಾತು ಹೇಳಿ ಸಾಕು."

ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಮೆಟ್ಟಿಲ ಮೇಲೆ ನಿಂತ ಗಂಡ ಕಣ್ಣ ಮುಂದೆ ಬಂದ. ಆದರೂ ಬಾಯಿ ಆ ಮಾತಿಗೆ ತಿರುಗಲೇ ಇಲ್ಲ.

"ಅದೊಂದು ಮಾತ್ರ ಕೇಳ್ಬೇಡಿ ಮಾಸ್ಟ್ರೇ. ಹೇಳಿದ ನಿಜ ವಾಪಸ್ ತಗೊಳ್ಳೋ ಹಾಗಿಲ್ಲ. ಹಾಡು ಕೆಟ್ಟದ್ದೇ," ಎಂದಳು. ಕಣ್ಣು ತುಂಬಿ ಬಂತು. "ಆದ್ರೆ ಅದಿಲ್ದೆ ನನ್ನ ಕಾಲು ಓಡ್ತಿಲ್ಲ. ಬೆಳಗ್ಗಿಂದ ಒಂದೇ ಪ್ಯಾಂಟು ಬಿಚ್ಚೋದು, ಹೊಲಿಯೋದು. ಸಹಿ ಬಿಡ್ರಿ, ನಿಮ್ಮಿಷ್ಟ. ಹಾಡೋದು ನಿಲ್ಲಿಸ್ಬೇಡಿ."

ಮಾಸ್ಟರ್ ಅವಳ ಮಿಷಿನಿನ ಮೇಲಿದ್ದ ಸೊಟ್ಟ ಪ್ಯಾಂಟನ್ನು ನೋಡಿದ. ಅವನ ಮೀಸೆ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಮೈ. ನಕ್ಕು ಸುಸ್ತಾದ ಮೇಲೆ ಟೇಬಲ್ಲಿನ ಡ್ರಾಯರಿನಿಂದ ಅರ್ಜಿ ತೆಗೆದು ಕೈಗಿತ್ತ. ಸಹಿ ಆಗಲೇ ಬಿದ್ದಿತ್ತು.

"ಬೆಳಗ್ಗೇನೇ ಹಾಕಿಟ್ಟಿದ್ದೆ. ಸುಮ್ನೆ ಸತಾಯಿಸ್ದೆ," ಎಂದು ದನಿ ತಗ್ಗಿಸಿದ. "ಬೀಳ್ಕೊಡುಗೆಗೆ ಬಂದಿದ್ದ ನಿಮ್ಮ ಯಜಮಾನ್ರ ಕೋಟು ನೋಡ್ದೆ. ಭುಜದಲ್ಲಿ ಎಷ್ಟು ಸಡಿಲ ಆಗಿದೆ! ನಾನೇ ಕತ್ತರಿಸಿದ ಕೋಟು ದೊಡ್ಡಮ್ಮಾ, ಅಳತೆ ನಂಗೊತ್ತಿಲ್ವಾ? ಕರ್ಕೊಂಡು ಓಡಾಡಿ."

ದೊಡ್ಡಮ್ಮ ಅರ್ಜಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಅಷ್ಟರಲ್ಲಿ ಅವನು ಕತ್ತರಿ ಎತ್ತಿಕೊಂಡು ಹಾಡತೊಡಗಿದ, ಇಪ್ಪತ್ತು ವರ್ಷ ಹಾಡಿದಷ್ಟೇ ಕೆಟ್ಟದಾಗಿ.

"ಅಯ್ಯೋ ದೊಡ್ಡಮ್ಮಾ!" ಕಾಜಾದವಳು ಹಣೆ ಚಚ್ಚಿಕೊಂಡಳು. "ನೀವು ಮೂರು ದಿನ ಕೇಳಿ ಮನೆಗೆ ಹೋಗ್ತೀರಿ. ನಾವು ಆರೂ ದಿನ ಕೇಳ್ಬೇಕಲ್ರೀ!"

ಗುರುವಾರ ಬೆಳಗ್ಗೆ ಗಂಡ ಹೆಂಡತಿ ಬಸ್ಸು ಹತ್ತಿದರು. ಕಿಟಕಿಯ ಸೀಟನ್ನು ಅವಳು ಅವನಿಗೇ ಬಿಟ್ಟುಕೊಟ್ಟಳು. "ಅರೆ, ಇಲ್ಲೊಂದು ಹೂವಿನಂಗಡಿ ಇದ್ಯಾ! ಈ ರಸ್ತೇಲಿ ಎಷ್ಟು ವರ್ಷ ಓಡಿಸಿದ್ದೀನಿ, ಕಂಡೇ ಇರ್ಲಿಲ್ಲ ನೋಡು," ಎಂದು ಅವನು ಮಗುವಿನಂತೆ ಬೆರಳು ತೋರಿಸುತ್ತಿದ್ದ. ದೊಡ್ಡಮ್ಮನ ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು.

"ಯಾವ ಹಾಡೇ ಅದು?"

ಅವಳು ಸಣ್ಣಗೆ ಗುನುಗಿದಳು. ಅವನು ಅದನ್ನೇ ಹಿಡಿದು ದೊಡ್ಡ ದನಿಯಲ್ಲಿ ಹಾಡಿದ. ಮಾಸ್ಟರೇ ವಾಸಿ! ಮುಂದಿನ ಸೀಟಿನವರು ತಿರುಗಿ ನೋಡಿದರು, ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಹೇಗಿದೆ? ನಿಜ ಹೇಳ್ಬೇಕು ಮತ್ತೆ," ಎಂದ ಗಂಡ.

ದೊಡ್ಡಮ್ಮ ಅವನ ಕೈ ಹಿಡಿದುಕೊಂಡಳು. "ನಿಜ ಹೇಳೋದು ಬೀಳ್ಕೊಡುಗೆ ದಿನ ಕಣ್ರೀ. ಅದಕ್ಕಿನ್ನೂ ತುಂಬಾ ದಿನ ಇದೆ. ಹಾಡಿ ನೀವು."