ನಾಲ್ಕನೇ ತಲೆ

"ಏಯ್ ನಾಲ್ಕನೇ ತಲೆ! ಅಲ್ಲಾಡಬೇಡ ಅಂದ್ರೆ ಕಿವಿಗೆ ಬೀಳಲ್ವಾ? ಅದೇನು ತಲೆನೋ ಕುಂಬಳಕಾಯೋ! ನಿನ್ನಿಂದ ಇವನ ಲೈನ್ ಹಾಳಾಯ್ತು, ಕತ್ತೆ!"

"ಅಲ್ಲಾಡಿದ್ದು ನನ್ನ ಕೈ, ಮೇಡಂ," ಎಂದ ಕುರ್ಚಿಯ ಹಿಂದೆ ನಿಂತಿದ್ದ ವಿದ್ಯಾರ್ಥಿ.

"ನಿನ್ನನ್ನ ಕೇಳಿದ್ನಾ?"

ಕುರ್ಚಿಯಲ್ಲಿ ಕೂತಿದ್ದ ಅವಳು ಕನ್ನಡಿಯಲ್ಲಿ ನೋಡಿಕೊಂಡಳು. ಎಡಗಿವಿಯ ಹತ್ತಿರ ಒಂದು ಹಿಡಿ ಕೂದಲು ಮೋಟಾಗಿ ಮೇಲಕ್ಕೆ ಹಾರಿ, ಯಾರನ್ನೋ ಕೈಬೀಸಿ ಕರೆಯುವ ಹಾಗೆ ನಿಂತಿತ್ತು. ನಗು ಬಂತು, ನುಂಗಿಕೊಂಡಳು.

ಅದು ಕೂದಲು ಕತ್ತರಿಸುವುದನ್ನು ಕಲಿಸುವ ಶಾಲೆ. ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ನಾಲ್ಕು ಕನ್ನಡಿ, ನಾಲ್ಕು ತಿರುಗುವ ಕುರ್ಚಿ. ಗುಡಿಸಿ ಒರೆಸಿ ತೊಳೆಯಲು ನಾಲ್ವರು ಹೆಂಗಸರು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಮೇಡಂ ಹೇಳಿಬಿಡುತ್ತಿದ್ದರು: ಕಲಿಯುವವರಿಗೆ ತಲೆ ಬೇಕಾದಾಗ ಬಂದು ಕೂರಬೇಕು, ತಕರಾರು ಕೂಡದು. ಬೊಂಬೆ ತಲೆಯಾದರೆ ಕೊಂಡು ತರಬೇಕು, ಒಮ್ಮೆ ಕತ್ತರಿಸಿದರೆ ಮುಗಿಯಿತು. ಇವರ ತಲೆಯಲ್ಲಿ ಕತ್ತರಿಸಿದಷ್ಟೂ ಬೆಳೆಯುತ್ತದೆ.

ಹಾಗಾಗಿ ಟವೆಲ್ ಒಗೆಯುವ ಅಜ್ಜಿ ಮೊದಲನೇ ತಲೆ. ಮೆಟ್ಟಿಲು ಮತ್ತು ಕಕ್ಕಸು ತೊಳೆಯುವ ಓರಗಿತ್ತಿಯರಿಬ್ಬರು ಎರಡು, ಮೂರು. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಬಕೆಟ್ಟಿಗಾಗಿ ದಿನಾ ಕಿತ್ತಾಡುವವರು. ಕೂದಲು ಗುಡಿಸುವ ಇವಳು ನಾಲ್ಕು.

ಹನ್ನೆರಡು ತಂಡ ಇವರ ತಲೆಯ ಮೇಲೆ ಕಲಿತು ಹೋಗಿತ್ತು. ಅವರು ಕಲಿತದ್ದನ್ನೆಲ್ಲ ಇವರೂ ಕಲಿತಿದ್ದರು, ಕಣ್ಣಿನಿಂದಲ್ಲ, ಬುರುಡೆಯಿಂದ. ಹಣೆಯಿಂದ ಕತ್ತಿನವರೆಗೆ ಒಂದು ಬೈತಲೆ, ಕಿವಿಯಿಂದ ಕಿವಿಗೆ ಇನ್ನೊಂದು. ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿದರೆ ಅದು ಸೆಕ್ಷನ್. ಕತ್ತಿನ ಮೇಲೆ ಮೊದಲು ಕತ್ತರಿಸುವ ಎಳೆ ಗೈಡ್. ಮೇಲಿನದೆಲ್ಲ ಅದರ ಅಳತೆಗೇ ಇಳಿಯಬೇಕು. ಎತ್ತದೆ ನೇರ ಕೆಳಗೆ ಬಾಚಿ ಕತ್ತರಿಸಿದರೆ ಬ್ಲಂಟ್, ಎತ್ತಿ ಹಿಡಿದರೆ ಲೇಯರ್. ಒದ್ದೆ ಕೂದಲು ಒಣಗಿದಾಗ ಕುಗ್ಗುತ್ತದೆ, ಬೆರಳಗಲ ಬಿಟ್ಟೇ ಕತ್ತರಿಸಬೇಕು. ಕಿವಿಯ ಹತ್ತಿರವಂತೂ ಎಳೆಯಲೇಬಾರದು. ಎಳೆದರೆ ಆಗುವುದೇ ಈ ಮೋಟು.

ಅದನ್ನು ಮಾಡಿದವನು ಡ್ರೈವರ್. ಇಪ್ಪತ್ತು ವರ್ಷ ಲಾರಿ ಓಡಿಸಿ, ಬೆನ್ನು ಕೈಕೊಟ್ಟ ಮೇಲೆ ಈ ವಿದ್ಯೆಗೆ ಬಂದವನು. ಬಾಚಣಿಗೆಯನ್ನು ಗೇರಿನ ಹಾಗೆ ಹಿಡಿಯುತ್ತಿದ್ದ. ಅವನ ಸ್ವಂತ ತಲೆ ತಾಮ್ರದ ಚೊಂಬಿನಂತೆ ಬೋಳು. ಆದರೆ ಹನ್ನೆರಡು ತಂಡದಲ್ಲಿ ಯಾರೂ ಮಾಡದ ಎರಡು ಕೆಲಸ ಅವನು ಮಾಡುತ್ತಿದ್ದ. ನೀರು ಚಿಮುಕಿಸುವ ಬಾಟಲಿಯನ್ನು ಮೊದಲು ಎರಡೂ ಅಂಗೈಯಲ್ಲಿ ಹಿಡಿದು ತಣ್ಣಗಿನ ಕೊರೆತ ಕಳೆಯುತ್ತಿದ್ದ. ಆಮೇಲೆ ಬಗ್ಗಿ, "ಅಕ್ಕಾ, ಶುರು ಮಾಡ್ಲಾ?" ಎಂದು ಕೇಳುತ್ತಿದ್ದ.

ಮೊದಲ ದಿನ ಅವಳು ತಿರುಗಿ ಅವನ ಮುಖವನ್ನೇ ನೋಡಿದ್ದಳು. ತಲೆಯನ್ನು ಯಾರಾದರೂ ಕೇಳುತ್ತಾರೆಯೇ? ಅಂದಿನಿಂದ ಅವಳು ಅವನಿಗೆ ಗುಟ್ಟಾಗಿ ಸಹಾಯ ಮಾಡತೊಡಗಿದಳು. ಕೂದಲು ಎಳೆದದ್ದು ಹೆಚ್ಚಾದರೆ ಒಂದು ಕೆಮ್ಮು. ಗೈಡ್ ತಪ್ಪಿದರೆ ಎರಡು. ಇವತ್ತು ಕೆಮ್ಮುವುದರೊಳಗೆ ಅವನ ಕತ್ತರಿ ಮುಂದೆ ಹೋಗಿಬಿಟ್ಟಿತ್ತು, ಅಷ್ಟೇ.

ತರಗತಿ ಮುಗಿದ ಮೇಲೆ ಅವಳು ಪೊರಕೆ ಹಿಡಿದೇ ಮೇಡಂ ಮೇಜಿನ ಮುಂದೆ ನಿಂತಳು.

"ಮೇಡಂ, ಪರೀಕ್ಷೆ ದಿನಾನೇ ಮಧ್ಯಾಹ್ನ ನನ್ ಮಗಳಿಗೆ ಸ್ಕೂಲಲ್ಲಿ ಬಹುಮಾನ ಕೊಡ್ತಾರೆ. ಲೆಕ್ಕದಲ್ಲಿ ಮೊದಲು ಬಂದಿದ್ದಾಳೆ. ಅವತ್ತೊಂದು ದಿನ ನನ್ ತಲೆ ಬಿಟ್ಬಿಡಿ."

"ಯಾಕೆ, ಬಹುಮಾನ ಅವಳಿಗೋ ನಿನ್ನ ತಲೆಗೋ?"

"ಹೋದ್ ವರ್ಷ ಹೀಗೇ ಅರ್ಧಂಬರ್ಧ ತಲೆಲಿ ಹೋಗಿದ್ದೆ. ಮಕ್ಕಳೆಲ್ಲ ಅವಳನ್ನ, ನಿಮ್ಮಮ್ಮನ ತಲೆ ಇಲಿ ತಿಂತಾ ಅಂತ ಆಡಿಕೊಂಡ್ರು, ಮೇಡಂ."

ಮೇಡಂ ತಮ್ಮ ಸೊಂಟ ಮುಟ್ಟುವ ಜಡೆಯನ್ನು ಎದೆಯ ಮೇಲೆ ಎಳೆದುಕೊಂಡು ಅದರ ತುದಿ ಸವರಿದರು. "ಕೂದಲು ತಾನೇ? ಬೆಳೆಯುತ್ತೆ. ಹೋಗು, ನೆಲ ನೋಡು."

ಒಗೆಯುವ ಕಲ್ಲಿನ ಹತ್ತಿರ ಸುದ್ದಿ ಕೇಳಿ ಓರಗಿತ್ತಿಯರು ಬಕೆಟ್ಟು ಮರೆತರು.

"ಅವಳ ಜಡೆಗಿಷ್ಟು ಬೆಂಕಿ ಬೀಳ! ಹದಿನಾಲ್ಕು ವರ್ಷ ಕೊಟ್ಟಿದ್ದೀವಿ ತಲೆನ. ಒಂದು ದಿನ ಬಿಡಕ್ಕಾಗಲ್ವಂತಾ ಆ ಹಡಬೆಗೆ?" ಎಂದಳು ಹಿರಿಯವಳು.

"ಮೆಲ್ಲಗೆ ಮಾತಾಡೇ, ಕೇಳಿಸುತ್ತೆ," ಎಂದಳು ಕಿರಿಯವಳು.

"ಕೇಳಿಸ್ಲಿ ಅಂತಾನೇ ಹೇಳಿದ್ದು!"

ಅಜ್ಜಿ ಟವೆಲ್ ಹಿಂಡುತ್ತ, ನಾಳೆ ಸೊಪ್ಪು ಏನು ತರುವುದು ಎನ್ನುವ ದನಿಯಲ್ಲಿ ಕೇಳಿದಳು. "ಪರೀಕ್ಷೆಗೆ ಕೂದಲು ಭುಜ ಮುಟ್ಟಿರ್ಬೇಕು ಅಲ್ವಾ? ಮುಟ್ಟದೇ ಇದ್ರೆ?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾಲ್ಕನೆಯವಳಿಗೆ ಒಂದೇ ಚಿಂತೆ, ಡ್ರೈವರನದು. ತಲೆಯಿಲ್ಲದೆ ಅವನು ಪರೀಕ್ಷೆ ಮಾಡುವುದು ಹೇಗೆ? ಪರೀಕ್ಷೆಯ ಹಿಂದಿನ ದಿನ ಮೆಟ್ಟಿಲಲ್ಲಿ ಅವನನ್ನು ನಿಲ್ಲಿಸಿ ಹೇಳಿಬಿಟ್ಟಳು. "ಡ್ರೈವರಣ್ಣ, ನಾಳೆ ನಮ್ ತಲೆ ಸಿಗಲ್ಲ. ಬೇಜಾರು ಮಾಡ್ಕೋಬೇಡ."

ಅವನು ಅವಳ ಕಿವಿಯ ಮೋಟನ್ನು ನೋಡಿದ. ಚೀಲದಿಂದ ತನ್ನ ಕತ್ತರಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಹಿಡಿ ಅವಳ ಕಡೆ ಬರುವಂತೆ ಚಾಚಿದ. "ಶಾಲೆ ಕತ್ತರಿ ಮೊಂಡು ಅಕ್ಕಾ. ಇದು ಹರಿತ ಇದೆ."

"ಮತ್ತೆ ನಿನ್ನ ಪರೀಕ್ಷೆ?"

"ಲೋಕದಲ್ಲಿ ತಲೆಗೇನು ಬರಗಾಲವಾ? ಇನ್ನೊಂದು ಸಿಗುತ್ತೆ ಬಿಡಿ."

ಆ ಮಧ್ಯಾಹ್ನ ಮೇಡಂ ಪರೀಕ್ಷಕಿಯನ್ನು ಕರೆತರಲು ಹೋಗಿದ್ದರು. ಕಲಿಯುವವರು ಮನೆಯಲ್ಲಿ ಕೂತು ಪದಗಳನ್ನು ಬಾಯಿಪಾಠ ಮಾಡುತ್ತಿದ್ದರು. ನಾಲ್ವರು ಹೆಂಗಸರು ಆ ಉದ್ದನೆಯ ಕೋಣೆಯ ಕಿಟಕಿಗಳನ್ನೆಲ್ಲ ತೆರೆದರು. ಅಜ್ಜಿಗೆ ಇವಳು ಕತ್ತರಿಸಿದಳು, ಓರಗಿತ್ತಿಯರು ಒಬ್ಬರಿಗೊಬ್ಬರು.

"ಕತ್ತು ಬಗ್ಗಿಸೇ. ಬಗ್ಗಿಸು ಅಂದ್ರೆ! ಮದುವೆಯಾಗಿ ಬಂದಾಗಿಂದ ನನ್ ಮುಂದೆ ಒಂದು ಸಲಾನೂ ಬಗ್ಗಿಸಿಲ್ಲ ನೀನು."

"ನಿನ್ ಕೈಲಿ ಕತ್ತರಿ ಇದೆ ಅಂತ ಬಗ್ಗಿಸ್ತಿದ್ದೀನಿ, ಪ್ರೀತಿಯಿಂದಲ್ಲ."

ಅಜ್ಜಿ ನಗುತ್ತ ಕುರ್ಚಿಯಲ್ಲಿ ಮೂರು ಸುತ್ತು ತಿರುಗಿ, ತಲೆಸುತ್ತಿ, ಇನ್ನೊಂದು ಸುತ್ತು ಬೇಕೆಂದಳು. ಕೊನೆಗೆ ನಾಲ್ಕನೇ ತಲೆಯ ಸರದಿ. ಅಜ್ಜಿ ಬಾಟಲಿ ಕೈಗೆತ್ತಿಕೊಂಡಳು.

"ಎಲ್ಲಿವರೆಗೆ ಬೇಕು, ಮಗಳೇ?"

ಅವಳು ಕನ್ನಡಿಯಲ್ಲಿ ಗಲ್ಲದ ಹತ್ತಿರ ಬೆರಳಿಟ್ಟು ನೋಡಿದಳು. ಹದಿನಾಲ್ಕು ವರ್ಷದಲ್ಲಿ ಆ ಕುರ್ಚಿಯಲ್ಲಿ ಆ ಪ್ರಶ್ನೆ ಅವಳಿಗೆ ಇದೇ ಮೊದಲು. "ಗಲ್ಲದವರೆಗೆ," ಎಂದಳು. "ಬ್ಲಂಟ್. ಆ ಮೋಟು ಉಳಿದದ್ದರ ಜೊತೆ ಸೇರಿಹೋಗೋ ಹಾಗೆ."

ಮರುದಿನ ಹತ್ತು ಗಂಟೆಗೆ ಪರೀಕ್ಷಕಿ ಬಂದಾಗ ನಾಲ್ಕು ತಲೆಗಳು ನಾಲ್ಕು ಕುರ್ಚಿಯಲ್ಲಿ ಸಾಲಾಗಿ ಕೂತಿದ್ದವು. ಹೊಳೆಯುವ, ನೇರ ಅಂಚಿನ, ಗಲ್ಲದ ಮೇಲೇ ನಿಂತ ಕೂದಲು. ಮೇಡಂ ಬಾಗಿಲಲ್ಲೇ ತಡೆದು ನಿಂತರು.

ಪರೀಕ್ಷಕಿ ಗಡಿಬಿಡಿಯ ಹೆಂಗಸು, ಸಂಜೆಯ ರೈಲು ಹಿಡಿಯಬೇಕಿತ್ತು. ಅಭ್ಯಾಸಬಲದಿಂದ ನಾಲ್ಕನೇ ತಲೆಯ ಕೂದಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬಾಚಿ ಅಂಚು ಹೊಂದುತ್ತದೆಯೇ ಎಂದು ನೋಡಿದಳು. "ಚೆನ್ನಾಗಿದೆ. ಯಾವ ವಿದ್ಯಾರ್ಥಿಯದು?"

"ನಮ್ದೇ," ಎಂದಳು ಅಜ್ಜಿ.

"ಕಸ ಗುಡಿಸೋ ಮುಂಡೇವು, ಮೇಡಂ!" ಮೇಡಂ ಕಿರುಚಿದರು. "ಬೇಕೂಂತಲೇ ಮಾಡಿವೆ! ನಾಳೆಯಿಂದ ಒಬ್ಬಳೂ ಈ ಮೆಟ್ಟಿಲು ಹತ್ತಬಾರದು!"

"ಅದೆಲ್ಲ ಆಮೇಲೆ. ಪರೀಕ್ಷೆಗೆ ತಲೆ ಎಲ್ಲಿ? ತಲೆ ಒದಗಿಸ್ತೀವಿ ಅಂತ ನೀವೇ ಬರೆದುಕೊಟ್ಟಿದ್ದೀರಿ. ಇವತ್ತು ಆಗದಿದ್ರೆ ಶಾಲೆಯ ಪರವಾನಗಿ ರದ್ದು ಅಂತ ನಾನು ಬರೀಬೇಕಾಗುತ್ತೆ."

ಡ್ರೈವರನ ಜೊತೆ ಕಲಿಯುತ್ತಿದ್ದ ಮೂವರು ಹುಡುಗಿಯರು ಪಿಸುಗುಟ್ಟಿಕೊಂಡರು: ಒಬ್ಬರ ತಲೆ ಇನ್ನೊಬ್ಬರು ಕತ್ತರಿಸಿದರೆ ಮೂವರಿಗೂ ಆಗುತ್ತದೆ. ಪರೀಕ್ಷಕಿ ಒಪ್ಪಿದಳು. ಡ್ರೈವರ್ ಒಬ್ಬನೇ ಉಳಿದ.

"ನನ್ನ ತಲೆಗೇ ನಾನು ಮಾಡ್ಕೊಂಡುಬಿಡ್ತಿದ್ದೆ," ಎಂದು ಬೋಳು ಸವರಿಕೊಂಡ. "ಆದ್ರೆ ಆ ಅಂಗಡಿ ಮುಚ್ಚಿ ಬಹಳ ದಿನ ಆಯ್ತು."

ಓರಗಿತ್ತಿಯರು ಕಿಸಕ್ಕೆಂದರು. ಪರೀಕ್ಷಕಿಯ ಕಣ್ಣು ಕೋಣೆಯೆಲ್ಲ ಸುತ್ತಿ, ಮೇಡಂ ಜಡೆಯ ಮೇಲೆ ಬಂದು ನಿಂತಿತು.

"ನನ್ನದಾ?" ಎಂದರು ಮೇಡಂ.

ಅವಳು ನಾಲ್ಕನೇ ಕುರ್ಚಿಯಿಂದ ಎದ್ದು, ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಪಕ್ಕಕ್ಕೆ ಸರಿದಳು.

ಮೇಡಂ ಕೂತರು. ಕೊರಳಿಗೆ ಬಟ್ಟೆ ಕಟ್ಟಿದಾಗ ಅವರ ಕಣ್ಣಲ್ಲಿ ನೀರಾಡಿತು. ಟವೆಲ್ ಹಿಡಿದು ಬಂದ ಅಜ್ಜಿ ನಿಜಕ್ಕೂ ಕನಿಕರದಿಂದ ಅವರ ಭುಜ ತಟ್ಟಿದಳು. "ಅಳಬೇಡ ಮಗಳೇ. ಕೂದಲು ತಾನೇ, ಬೆಳೆಯುತ್ತೆ."

ಡ್ರೈವರ್ ಬಾಟಲಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತ. ಆಮೇಲೆ ಬಗ್ಗಿದ. "ಮೇಡಂ, ಶುರು ಮಾಡ್ಲಾ?"

ಮೇಡಂ ಕನ್ನಡಿಯೊಳಗಿಂದ ಅವನನ್ನೇ ನೋಡಿದರು. ಕೊನೆಗೆ ತಲೆಯಾಡಿಸಿದರು.

ಕತ್ತಿನ ಗೈಡ್ ನೇರ ಬಂತು. ಎರಡನೆಯ ಸಾಲು, ಮೂರನೆಯದು. ಅವಳು ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ, ಮಗಳ ಶಾಲೆಗೆ ಅರ್ಧ ಗಂಟೆಯ ನಡಿಗೆ. ಹೊರಡಬೇಕು ಎನ್ನುವಾಗ ಡ್ರೈವರ್ ಎಡಗಿವಿಗೆ ಬಂದ. ಬಾಚಣಿಗೆ ಇಳಿಯಿತು, ಬೆರಳು ಬಿಗಿಯಿತು. ಎಳೆಯುತ್ತಿದ್ದಾನೆ! ಬಾಯಿ ಮುಚ್ಚಿಕೊಂಡು ಹೋದರೆ ಆ ಕಿವಿಯ ಮೇಲೂ ಒಂದು ಮೋಟು ನಿಲ್ಲುತ್ತದೆ, ತಿಂಗಳುಗಟ್ಟಲೆ.

ಅವಳು ಒಮ್ಮೆ ಕೆಮ್ಮಿದಳು.

ಡ್ರೈವರನ ಬೆರಳು ಸಡಿಲವಾಯಿತು. ಕೂದಲು ತನ್ನಷ್ಟಕ್ಕೆ ಕಿವಿಯ ಮೇಲೆ ಇಳಿಯಿತು. ತಲೆ ಬಗ್ಗಿಸಿ ಕೂತಿದ್ದ ಮೇಡಂ ಮೆಲ್ಲಗೆ ಕಣ್ಣೆತ್ತಿ ಕನ್ನಡಿಯೊಳಗೆ ಬಾಗಿಲನ್ನು ನೋಡಿದರು. ಯಾರು ಕೆಮ್ಮಿದ್ದು, ಯಾಕೆ ಕೆಮ್ಮಿದ್ದು, ಎರಡೂ ಅವರಿಗೆ ತಿಳಿದಂತಿತ್ತು.

ಅವಳು ಪೊರಕೆಯನ್ನು ಆ ಕುರ್ಚಿಯ ತೋಳಿಗೆ, ಮೇಡಂ ಕೈಗೆಟುಕುವ ಹಾಗೆ ಒರಗಿಸಿಟ್ಟು ಮೆಟ್ಟಿಲಿಳಿದಳು. ಬೋಳು ಕತ್ತಿಗೆ ಬೀದಿಯ ಗಾಳಿ ತಗುಲಿ ಕಚಗುಳಿಯಾಯಿತು. ಮೇಲಿನ ಕೋಣೆಯಲ್ಲಿ ಮೊಳದುದ್ದದ ಕಪ್ಪು ಕೂದಲು ಕುರ್ಚಿಯ ಸುತ್ತ ರಾಶಿ ಬೀಳುತ್ತಿತ್ತು. ಗುಡಿಸಲು ಯಾರೂ ಬಗ್ಗಲಿಲ್ಲ.