ಹನ್ನೆರಡನೇ ತಾರೀಖಿನ ಸ್ಲ್ಯಾಬ್

ಬಡವರಿಗೆಂದು ಕಟ್ಟುತ್ತಿದ್ದ ಆ ಮನೆಗಳ ಸೈಟಿನಲ್ಲಿ ಅವಳಿಗಿದ್ದ ಅಧಿಕಾರವೆಲ್ಲ ಒಂದು ಡಬ್ಬಿ ಕೆಂಪು ಬಣ್ಣದಲ್ಲಿತ್ತು. ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿದ ದಿನ ಕಂಬದ ಮೇಲೆ ತಾರೀಖು ಬರೆಯಬೇಕು. ಹದಿನಾಲ್ಕು ದಿನ ತುಂಬುವವರೆಗೆ ಅದನ್ನು ಕೆಳಗಿನಿಂದ ಹೊತ್ತುನಿಂತ ಕಬ್ಬಿಣದ ಜಾಕಿಗಳನ್ನು ಯಾರೂ ಮುಟ್ಟುವಂತಿಲ್ಲ. ತಪಾಸಣೆಯ ಸಾಹೇಬರು ಸೂರಿನ ಕಡೆ ಕತ್ತೆತ್ತಿಯೂ ನೋಡುತ್ತಿರಲಿಲ್ಲ. ತಾರೀಖು ಓದಿ, ಬೆರಳು ಮಡಚಿ ದಿನ ಎಣಿಸಿ, ಹೊರಟುಬಿಡುತ್ತಿದ್ದರು.

ಡಬ್ಬಿ ಅವಳ ಕೈಯಲ್ಲಿತ್ತು, ಅವಳು ಮಾವನ ಕೈಯಲ್ಲಿದ್ದಳು. ಅಪ್ಪ ಹೋದ ಮೇಲೆ ಸಾಕಿ ಎಂಜಿನಿಯರಿಂಗ್ ಓದಿಸಿದವನು ಸೋದರಮಾವ, ಇದೇ ಸೈಟಿನ ಸೆಂಟ್ರಿಂಗ್ ಮೇಸ್ತ್ರಿ. ಮ್ಯಾನೇಜರ ಮುಂದೆ ಕೈಕಟ್ಟಿ ನಿಂತು ಈ ಕೆಲಸ ಕೊಡಿಸಿದವನೂ ಅವನೇ.

ಇಪ್ಪತ್ತೊಂದರ ಬೆಳಿಗ್ಗೆ ಮಾವ ಬಂದು, "ಪುಟ್ಟೀ, ಆ ಹನ್ನೆರಡನ್ನ ಅಳಿಸಿ ಏಳು ಅಂತ ಬರಿ" ಎಂದ.

"ಇವತ್ತಿಗೆ ಒಂಬತ್ತೇ ದಿನ, ಮಾವ."

"ಎಣಿಸೋಕೆ ನನಗೂ ಬರುತ್ತೆ ಕಣೇ. ಪಕ್ಕದ ಬ್ಲಾಕಲ್ಲಿ ಕಂಬಿ ಕಟ್ಟಿ ಕೂತಿದಾರೆ, ನಾಳೆ ಕಾಂಕ್ರೀಟ್ ಬರುತ್ತೆ. ಇರೋದು ಒಂದೇ ಸೆಟ್ ಜಾಕಿ. ಅಲ್ಲಿಗೆ ನನ್ನ ಕೈಕಾಲು ಊರಲಾ?"

"ನಿಮ್ಮ ಡೊಳ್ಳುಹೊಟ್ಟೆ ಊರಿದ್ರೆ ಸಾಕು ಮೇಸ್ತ್ರಿ, ನಾಲ್ಕು ಜಾಕಿ ಉಳಿಯುತ್ತೆ" ಎಂದ ಸುತ್ತಿಗೆ ಹಿಡಿದಿದ್ದ ಆಳು. ಎಲ್ಲರೂ ನಕ್ಕರು. ಮಾವನೂ ನಕ್ಕು, ದನಿ ತಗ್ಗಿಸಿದ. "ಮ್ಯಾನೇಜರಿಗೆ ಮಾತು ಕೊಟ್ಟುಬಿಟ್ಟಿದೀನಿ. ತಪ್ಪಿದರೆ ನಾಳೆ ನಮ್ಮಿಬ್ಬರಿಗೂ ಗೇಟಿನ ಹೊರಗೇ ಜಾಗ. ಹೋದ ಸಲ ಐದು ದಿನ ಕದ್ದೆವಲ್ಲ, ಬಿತ್ತಾ?"

ಬಿದ್ದಿರಲಿಲ್ಲ. ಆದರೆ ಕೆಳಗಿನ ಅಂತಸ್ತಿನ ಒಂದು ಅಡುಗೆಕೋಣೆಯ ಸೂರಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ವಾರಕ್ಕೊಮ್ಮೆ ಅವಳು ಸ್ಟೂಲ್ ಹತ್ತಿ ಪೆನ್ಸಿಲಿನಿಂದ ಅದರ ತುದಿಗೆ ಗುರುತು ಹಾಕಿ ಬರುತ್ತಿದ್ದಳು. ಪ್ರತಿ ಸಲವೂ ಬಿರುಕು ಗುರುತು ದಾಟಿರುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ಆ ತಾರೀಖು ತಿದ್ದಿದ್ದು ಅವಳದೇ ಕೈ.

"ಗೇಟಿನ ಹತ್ತಿರ ದಿನಾ ನಿಂತಿರುತ್ತಲ್ಲ ಆ ಅಜ್ಜಿ, ಅದರ ಮುಖ ನೋಡು" ಎಂದ ಮಾವ. "ಎರಡು ವರ್ಷದಿಂದ ಮೊಮ್ಮಕ್ಕಳನ್ನ ಕಟ್ಟಿಕೊಂಡು ತಗಡಿನ ಶೆಡ್ಡಲ್ಲಿ ಬೇಯ್ತಿದೆ. ನಿನ್ನ ಲೆಕ್ಕಕ್ಕೆ ಅದು ಇನ್ನೂ ಕಾಯಬೇಕಾ?"

ವಾದ ಮಾಡುವುದು ಅವಳಿಗೆ ಹುಟ್ಟಿನಿಂದಲೇ ಬಾರದು. ಕುಂಚ ಅದ್ದಿಕೊಂಡು ಕಂಬದವರೆಗೆ ಹೋದಳು. ಬಣ್ಣ ತೊಟ್ಟಿಕ್ಕಿ ಚಪ್ಪಲಿಯ ಮೇಲೆ ಬಿತ್ತು. ಕುಂಚವನ್ನು ಡಬ್ಬಿಗೆ ಹಾಕಿ, ಶೆಡ್ಡಿನಿಂದ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನೂ ರಿಜಿಸ್ಟರನ್ನೂ ತಂದಳು. ಒತ್ತೊತ್ತಾಗಿ ನಿಂತ ಜಾಕಿಗಳ ನಡುವೆ ನುಸುಳಿ, ಸ್ಲ್ಯಾಬಿನ ಅಡಿಯಲ್ಲಿ ನಟ್ಟನಡುವೆ ಕುರ್ಚಿ ಹಾಕಿ ಕೂತಳು.

"ಏನೇ ಇದು?"

"ನನ್ನ ಕೆಲಸ ಇಲ್ಲೇ ಮಾಡ್ಕೋತೀನಿ, ಮಾವ. ಬಿಚ್ಚೋರು ಬಿಚ್ಚಲಿ."

"ಆಟ ಆಡ್ತಿದೀಯಾ? ಏಳು ಮೇಲೆ!"

ಅವಳು ರಿಜಿಸ್ಟರಿನಿಂದ ಕಣ್ಣೆತ್ತಲಿಲ್ಲ. ಮಾವ ಸಿಟ್ಟಿನಲ್ಲಿ ಹತ್ತಿರದ ಜಾಕಿಯ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿದ. ಕಿರ್ ಎಂದಿತು. ಮೇಲಿನಿಂದ ಸಿಮೆಂಟಿನ ಪುಡಿ ಉದುರಿ ಅವಳ ಹಾಳೆಯ ಮೇಲೆ ಬಿತ್ತು. ಆಳುಗಳು ಹಿಂದಕ್ಕೆ ಸರಿದರು. ಅವಳು ಏಳಲಿಲ್ಲ, ಅಂಗೈಯಿಂದ ಪುಡಿ ಒರೆಸಿ, ಬರೆದ ಸಾಲನ್ನೇ ಮತ್ತೊಮ್ಮೆ ಬರೆದಳು.

ಮಾವ ಕತ್ತೆತ್ತಿ ತಾನೇ ಹಾಕಿಸಿದ ಸೂರನ್ನು ನೋಡಿದ. ಆಮೇಲೆ ಅವಳ ನೆತ್ತಿಯನ್ನು ನೋಡಿದ. ಜಾಕಿಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಬಿಗಿ ಮಾಡಿ, "ಹೋಗ್ರೋ, ಟೀ ಕುಡ್ಕೊಂಡು ಬನ್ನಿ" ಎಂದು ಆಳುಗಳನ್ನು ಅಟ್ಟಿದ. ಸಿಮೆಂಟಿನ ಒಂದು ಬಾಂಡಲಿ ಕವುಚಿ ಹಾಕಿ ಅವಳ ಪಕ್ಕದಲ್ಲೇ ಕೂತ.

ಅವನ ಫೋನು ಬಡಿದುಕೊಂಡಿತು. ಮ್ಯಾನೇಜರು. ಅದು ನಿಂತದ್ದೇ ಅವಳದು ಶುರುವಾಯಿತು.

"ಎತ್ತಬೇಡ" ಎಂದ ಮಾವ. ಅದೂ ನಿಂತ ಮೇಲೆ, "ಇನ್ನೈದು ದಿನ ಹೀಗೇ ಕೂತಿರ್ತೀಯಾ?"

"ಎದ್ದರೆ ಬಿಚ್ಚಿಸ್ತೀರಲ್ಲ."

"ಬಿಚ್ಚಿಸ್ತೀನಿ" ಎಂದ ಮಾವ, ಕೂತಲ್ಲಿಂದ ಏಳದೆ.