ಅರೆದಷ್ಟೂ ನಯವಾದ ಗೆರೆ

ಬೆಳಗ್ಗೆ ಅಕ್ಕ ಫೋನಿನಲ್ಲಿ ಆಡಿದ ಮಾತು ತಂಗಿಯ ತಲೆಯಲ್ಲಿ ಹುಳ ಬಿಟ್ಟಿತ್ತು. "ಹೊಸ ಮಾತ್ರೆ ಬಾಟಲಿ ಶುರು ಮಾಡಿ ಮೂರು ವಾರ ಆಯ್ತು ಕಣೇ. ಕೀಲುನೋವು ಒಂಚೂರೂ ಇಳಿದಿಲ್ಲ."

ಆ ಮಾತ್ರೆಗಳನ್ನು ಔಷಧ ಕಂಪನಿಯ ಲ್ಯಾಬಿನಲ್ಲಿ ಎಕ್ಸ್‌ರೇ ಯಂತ್ರಕ್ಕಿಟ್ಟು ಪರೀಕ್ಷಿಸಿ, ಸರಿಯಿದೆ ಎಂದು ಸಹಿ ಹಾಕಿದವಳು ತಂಗಿಯೇ. ಆ ಔಷಧದ ಅಣುಗಳು ಸಂತೆಯ ಜನರಂತೆ ಅಡ್ಡಾದಿಡ್ಡಿ ನಿಂತಿರಬೇಕು; ಆಗಲೇ ಹೊಟ್ಟೆಯಲ್ಲಿ ಕರಗುವುದು. ಶಿಸ್ತಾಗಿ ಸಾಲುಗಟ್ಟಿ ಹರಳಾದರೆ ನುಂಗಿಯೂ ದಂಡ. ಅಡ್ಡಾದಿಡ್ಡಿ ಇದ್ದರೆ ಪರದೆಯ ಮೇಲಿನ ಗೆರೆ ದಿಬ್ಬದಂತೆ ಉಬ್ಬುತ್ತದೆ. ಹರಳಿದ್ದರೆ ಮುಳ್ಳು ಏಳುತ್ತದೆ.

ಅವಳ ಗೆರೆಯಲ್ಲಿ ಒಂದೂ ಮುಳ್ಳಿರಲಿಲ್ಲ. ಕೆಲಸದಲ್ಲಿ ಅವಳಷ್ಟು ಅಚ್ಚುಕಟ್ಟು ಆ ಲ್ಯಾಬಿನಲ್ಲಿ ಇನ್ನೊಬ್ಬರಿಲ್ಲ. ಉಳಿದವರು ಮಾತ್ರೆಯನ್ನು ನಾಲ್ಕು ಸಲ ಕುಟ್ಟಿ ಮುಗಿಸಿದರೆ, ಇವಳು ಪುಟ್ಟ ಒರಳಿನಲ್ಲಿ ಹತ್ತು ನಿಮಿಷ ಅರೆಯುವಳು. ಅದಕ್ಕೇ ಎಲ್ಲರೂ ಅವಳನ್ನು 'ಉಜ್ಜಮ್ಮ' ಎಂದು ಕಾಡಿಸುತ್ತಿದ್ದರು.

ಆದರೂ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ದಾಸ್ತಾನು ಕೋಣೆಯ ಬಾಗಿಲವರೆಗೆ ಹೋಗಿ ಬಂದಳು. ಮೂರನೇ ಸಲ ಒಳಗೆ ಹೋಗಿ, ಅಕ್ಕನ ಬಾಟಲಿಯ ಬ್ಯಾಚಿನಿಂದಲೇ ಮಾದರಿಗೆಂದು ಎತ್ತಿಟ್ಟಿದ್ದ ಬಾಟಲಿ ತಂದಳು. ಅರೆಯುವಷ್ಟು ತಾಳ್ಮೆ ಯಾರಿಗಿತ್ತು! ಚಮಚದ ಬೆನ್ನಿನಿಂದ ಒತ್ತಿ ಪುಡಿಮಾಡಿ ಯಂತ್ರದೊಳಗಿಟ್ಟಳು. ಇಪ್ಪತ್ತು ನಿಮಿಷ ಕಾರಿಡಾರಿನಲ್ಲಿ ಶತಪಥ ಹಾಕಿ ಬಂದು ನೋಡಿದರೆ, ದಿಬ್ಬದ ಮೇಲೆ ಮೂರು ಮುಳ್ಳು.

ಅದೇ ಪುಡಿಯನ್ನು ಒರಳಿಗೆ ಹಾಕಿ, ಎಂದಿನಂತೆ ಅರೆದು ಮತ್ತೆ ಇಟ್ಟಳು. ಮುಳ್ಳುಗಳು ಮಾಯ. ಇಷ್ಟು ದಿನವೂ ಅವಳ ಕೈಯೇ ಹರಳುಗಳನ್ನು ಜಜ್ಜಿ, ಸಾಲು ಕೆಡಿಸಿ, ಕೆಟ್ಟ ಮಾತ್ರೆಯನ್ನು ಒಳ್ಳೆಯದೆಂದು ತೋರಿಸಿತ್ತು.

ಎರಡೂ ಗೆರೆಗಳ ಕಾಗದ ಹಿಡಿದು ಮೇಲಧಿಕಾರಿಯ ಕೋಣೆಗೆ ನುಗ್ಗಿದಳು.

"ಅದೇ ಬ್ಯಾಚಿನ ಎರಡನೇ ಕಂತು ಲಾರಿಗೆ ಏರ್ತಾ ಇದೆ," ಎಂದ ಅವನು. "ಸರಿಯಿದೆ ಅಂತ ಬರೆದವರು ನೀವೇ. ಈಗೇನು ಹೊಸ ರಾಗ?"

"ಸರಿಯಿಲ್ಲ ಸರ್. ತಪ್ಪು ನಂದೇ. ಲಾರಿ ನಿಲ್ಲಿಸಿ, ಹೋಗಿರೋದನ್ನೂ ವಾಪಸ್ ತರಿಸಿ."

ಅವನು ಕಾಗದಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಗೋದಾಮಿಗೆ ಫೋನ್ ಮಾಡಿ ಲಾರಿ ತಡೆದ. "ನಿಮ್ಮ ಕೆಲಸ ಹೋಗಬಹುದು, ಗೊತ್ತಲ್ಲ?"

"ಗೊತ್ತು," ಎಂದು ಹೊರಬಂದವಳಿಗೆ ಅದಕ್ಕಿಂತ ದೊಡ್ಡ ಕೆಲಸ ಬಾಕಿಯಿತ್ತು. ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನ್ ಮಾಡಿ, ಒಂದೂ ಮುಚ್ಚಿಡದೆ ಹೇಳಿದಳು.



"ಡಾಕ್ಟರು ಹೋದ ವಾರವೇ ಬೇರೆ ಮಾತ್ರೆ ಬರೀತೀನಿ ಅಂದ್ರು ಕಣೇ," ಎಂದಳು ಅಕ್ಕ. "ನಾನೇ ಬೇಡ ಅಂದೆ. ಇದನ್ನ ನನ್ನ ತಂಗೀನೇ ನೋಡಿ ಕಳಿಸಿದ್ದು ಅಂದೆ."